ಎಲ್‌ಸಿ ತಂದ ಮೇಲೆ: ಆಟಿಸಂ ಇರುವ ಮಗುವಿಗೆ ಮನೆಯಲ್ಲೇ ಪಾಠ

ಶಾಲೆಯಿಂದ ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ತಂದ ಮಾರನೇ ದಿನ ಬೆಳಗ್ಗೆ ಎಂಟಕ್ಕೇ ಮಗುವನ್ನು ಮೇಜಿನ ಮುಂದೆ ಕೂರಿಸಬೇಡಿ. ಮುಂಬಯಿ, ಪುಣೆ, ಗೋವಾದ ಕನ್ನಡ ಮನೆಗಳಲ್ಲಿ ಆಗುವ ಮೊದಲ ತಪ್ಪು ಇದೇ. ವರ್ಷಗಟ್ಟಲೆ ಟೀಚರ್ ದೂರು ಕೇಳಿ ಹೆದರಿದ ಅಪ್ಪ ಅಮ್ಮ, ಮೊದಲೇ ಹಿಂದೆ ಬಿದ್ದಿದ್ದಾನೆ ಎಂದು ಅದೇ ಪುಸ್ತಕ, ಅದೇ ಪೀರಿಯಡ್, ಅದೇ ಹೋಮ್‌ವರ್ಕನ್ನು ಮನೆಗೆ ಹೊತ್ತು ತರುತ್ತಾರೆ. ಕೆಲವೇ ವಾರಗಳಲ್ಲಿ ಮಗು ಶಾಲೆಯಲ್ಲಿ ಮಾಡುತ್ತಿದ್ದುದನ್ನೇ ಮನೆಯಲ್ಲೂ ಶುರು ಮಾಡುತ್ತದೆ: ಕಿವಿ ಮುಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ಮೇಜಿನ ಕೆಳಗೆ ಸೇರಿಕೊಳ್ಳುವುದು. ಶಾಲೆಯಲ್ಲಿ ಕಷ್ಟವಾದಾಗ ಅದಕ್ಕೆ ಮನೆಯಾದರೂ ಇತ್ತು. ಮನೆಯೇ ಶಾಲೆಯಾದರೆ ಎಲ್ಲಿಗೆ ಹೋಗಬೇಕು?

ಮುಂದೆ ಏನಾಗುತ್ತದೆ ಎಂಬುದು ಮಗುವಿಗೆ ಗೊತ್ತಿರಬೇಕು. ಬೇಡ ಎನ್ನಲು ಅದಕ್ಕೊಂದು ದಾರಿ ಇರಬೇಕು. ಈ ಎರಡು ನೆಲೆಯಾಗುವವರೆಗೆ ಗಣಿತ, ಇತಿಹಾಸ ಯಾವುದೂ ಒಳಗೆ ಇಳಿಯುವುದಿಲ್ಲ. ಕೆಳಗೆ ಹೇಳಿರುವುದೆಲ್ಲ ಈ ಎರಡನ್ನು ನೆಲೆ ಮಾಡುವ ಬಗೆ.

ಶಾಲೆ ಬಿಡುವ ಮುಂಚೆ ಕಾಗದಪತ್ರ

ಮೊದಲು ಒಂದು ಎಚ್ಚರಿಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರು ಹಿಡಿದು ಸೇರಿಸಿಕೊಂಡಿದೆ. ಹೀಗಿರುವಾಗ ಹೊರಹಾಕಲಾರದ ಶಾಲೆ 'ಸ್ವಂತ ಇಚ್ಛೆಯಿಂದ ಬಿಡಿಸುತ್ತಿದ್ದೇವೆ' ಎಂದು ನಿಮ್ಮ ಕೈಯಲ್ಲೇ ಬರೆಸಿಕೊಳ್ಳಲು ನೋಡಬಹುದು. ಮಗು ಅಲ್ಲೇ ಓದಲಿ ಎಂಬ ಆಸೆ ಸ್ವಲ್ಪವಾದರೂ ಇದ್ದರೆ ಅದಕ್ಕೆ ಸಹಿ ಹಾಕಬೇಡಿ. ಶಿಕ್ಷಣ ಇಲಾಖೆಗೆ ಲಿಖಿತ ದೂರು ಕೊಡಿ, ಅದರ ಪ್ರತಿಯನ್ನು ರಾಜ್ಯ ಅಂಗವಿಕಲರ ಆಯುಕ್ತರಿಗೆ ಕಳಿಸಿ. ಮಹಾರಾಷ್ಟ್ರದ ಆಯುಕ್ತರ ಕಚೇರಿ ಪುಣೆಯಲ್ಲಿದೆ, ಗೋವಾಕ್ಕೆ ಪ್ರತ್ಯೇಕ ಆಯುಕ್ತರಿದ್ದಾರೆ. ಬಿಡಿಸುವುದೇ ಸರಿ ಎಂದು ತೀರ್ಮಾನಿಸಿದ್ದರೆ ಅರ್ಜಿಯಲ್ಲಿ ನಿಜವಾದ ಕಾರಣ ಬರೆಯಿರಿ, ಒಂದು ಪ್ರತಿಯ ಮೇಲೆ ಶಾಲೆಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ.

ಎಲ್‌ಸಿ ಕೈಗೆ ಬಂದಾಗ ಅಲ್ಲೇ ನಿಂತು ಹೆಸರು, ಹುಟ್ಟಿದ ದಿನ, ಸ್ಟೂಡೆಂಟ್ ಐಡಿ ಓದಿ ನೋಡಿ. ಕರ್ನಾಟಕದಿಂದ ಬಂದ ಮನೆಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮ ಕಡೆ ಹೆಸರಿನ ಹಿಂದೆ ಮುಂದೆ ಇನಿಶಿಯಲ್ ಇರುತ್ತದೆ. ಮಹಾರಾಷ್ಟ್ರದ ಫಾರ್ಮುಗಳು ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡು ಕೇಳುತ್ತವೆ. ಜನನ ಪತ್ರದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು, ಎಲ್‌ಸಿಯಲ್ಲಿ ಮತ್ತೊಂದು ಆಗಿ, ಐದು ವರ್ಷದ ಮೇಲೆ ಪರೀಕ್ಷೆಗೆ ಅರ್ಜಿ ಹಾಕುವಾಗ ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ. ಎಲ್ಲ ಕಡೆ ಯಾವ ರೂಪ ಇರಬೇಕು ಎಂದು ಈಗಲೇ ಒಂದನ್ನು ಗೊತ್ತು ಮಾಡಿಕೊಂಡು, ಅದರಂತೆ ಮೊದಲು ಆಧಾರ್ ಸರಿ ಮಾಡಿಸಿ.

ಮನೆಯಲ್ಲಿ ಕಲಿಸುವುದು ಕಾನೂನಿಗೆ ಒಪ್ಪಿಗೆಯೇ ಎಂದು ಎಲ್ಲರೂ ಕೇಳುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ಆದರೆ ಸೇರಿಸದವರಿಗೆ ಶಿಕ್ಷೆ ಇಟ್ಟಿಲ್ಲ. ಮನೆಪಾಠಕ್ಕೆ ಸಾಮಾನ್ಯವಾದ ಮಾನ್ಯತೆಯನ್ನೂ ಕೊಟ್ಟಿಲ್ಲ. 2012ರ ತಿದ್ದುಪಡಿ ಮಾತ್ರ ತೀವ್ರ ಅಥವಾ ಬಹುವಿಧ ಅಂಗವೈಕಲ್ಯದ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕು ಕೊಟ್ಟಿತು. ಹಾಗಾಗಿ ಸುರಕ್ಷಿತವಾದ ನಡುದಾರಿ ಒಂದಿದೆ: ಮಗುವಿನ ಹೆಸರನ್ನು ಹತ್ತಿರದ ಮಹಾನಗರಪಾಲಿಕೆ ಅಥವಾ ಸರ್ಕಾರಿ ಶಾಲೆಯಲ್ಲಿ ದಾಖಲಿಸಿ, ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯಡಿ ಮನೆಯಾಧಾರಿತ ಶಿಕ್ಷಣಕ್ಕೆ ಅರ್ಜಿ ಕೊಡುವುದು. ಸ್ಪೆಷಲ್ ಟೀಚರ್ ಎಷ್ಟು ಸಲ ಬಂದಾರು ಎಂಬುದು ಊರಿಂದ ಊರಿಗೆ, ವಾರ್ಡಿನಿಂದ ವಾರ್ಡಿಗೆ ಬೇರೆ. ಆದರೂ ಮಗುವಿನ ಹೆಸರು ದಾಖಲೆಯಲ್ಲಿ ಉಳಿಯುತ್ತದೆ, ಮರಳಿ ಶಾಲೆಗೆ ಹೋಗುವ ಬಾಗಿಲು ತೆರೆದಿರುತ್ತದೆ.

ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡ್ ಮಾಡಿಸಿಲ್ಲದಿದ್ದರೆ ಈಗಲೇ ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 40 ಅಂಶಗಳ ಐಸಾ ಎಂಬ ಅಳತೆಪಟ್ಟಿಯಿಂದ ಮಗುವನ್ನು ನೋಡುತ್ತಾರೆ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಬಂದರೆ ಬಹುತೇಕ ಸವಲತ್ತುಗಳಿಗೆ ಅರ್ಹತೆ. ಅಂದು ಅರ್ಧ ಗಂಟೆ ನೋಡಿದ ಡಾಕ್ಟರಿಗೆ ಮನೆಯ ಮಗು ಕಾಣುವುದಿಲ್ಲ. ಆದ್ದರಿಂದ ಊಟ, ಹಲ್ಲುಜ್ಜುವುದು, ಹೊರಗೆ ಹೋಗುವ ಹೊತ್ತಿನ ಎರಡೆರಡು ನಿಮಿಷದ ಮೂರು ನಾಲ್ಕು ವಿಡಿಯೊ ಫೋನಿನಲ್ಲಿರಲಿ. ಸರದಿ ಉದ್ದವಿರುತ್ತದೆ. ಇಬ್ಬರು ದೊಡ್ಡವರು ಹೋಗಿ, ಒಬ್ಬರು ಸಾಲಿನಲ್ಲಿ ನಿಲ್ಲಲಿ, ಇನ್ನೊಬ್ಬರು ಮಗುವಿನೊಂದಿಗೆ ಹೊರಗೆ ಮರದ ಕೆಳಗಿರಲಿ. ಜೊತೆಗೇ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಿ. ಅದರ ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಸಿಗುತ್ತದೆ.

ಮೊದಲ ಒಂದೆರಡು ತಿಂಗಳು: ಪಾಠವಿಲ್ಲ, ಗಮನಿಸುವುದಿದೆ

ಶಾಲೆಯಲ್ಲಿ ಕಳೆದ ಪ್ರತಿ ವರ್ಷಕ್ಕೆ ಒಂದು ತಿಂಗಳ ಬಿಡುವು ಎಂಬುದು ಮನೆಯಲ್ಲಿ ಕಲಿಸುವವರ ರೂಢಿಯ ಲೆಕ್ಕ. ಶಾಸ್ತ್ರವಲ್ಲ, ಅನುಭವದ ಮಾತು. ಈ ಹೊತ್ತಿನಲ್ಲಿ ಊಟ, ನಿದ್ದೆ, ಸ್ನಾನ ದಿನವೂ ಅದೇ ಸಮಯಕ್ಕೆ ಆಗಲಿ. ಪುಸ್ತಕ ಕಪಾಟಿನಲ್ಲಿರಲಿ.

ನಿಮ್ಮ ಕೆಲಸ ಒಂದು ನೋಟ್‌ಬುಕ್. ನಾಲ್ಕು ಅಂಕಣ ಹಾಕಿ: ಎಷ್ಟು ಗಂಟೆ, ಅದಕ್ಕೆ ಮುಂಚೆ ಏನಿತ್ತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ಎರಡು ವಾರ ಬಿಡದೆ ಬರೆಯಿರಿ. 'ಕಾರಣವಿಲ್ಲದೆ ಕಿರುಚಿದ' ಎಂದು ಬರೆಯಬೇಡಿ. 'ಮಧ್ಯಾಹ್ನ 12:20, ಕುಕ್ಕರ್ ಎರಡನೇ ಸೀಟಿ, ಕಿವಿ ಮುಚ್ಚಿ ಬಾಲ್ಕನಿಗೆ ಓಡಿದ, ನಾನು ಬೈದೆ' ಎಂದು ಬರೆಯಿರಿ. ಹದಿನಾಲ್ಕು ದಿನದ ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾರಣವಿಲ್ಲದ್ದು ಬಹಳ ಕಡಿಮೆ ಉಳಿಯುತ್ತದೆ. ಕುಕ್ಕರ್, ಮಿಕ್ಸಿ, ಮೇಲಿನ ಮನೆಯ ಡ್ರಿಲ್, ಟ್ಯೂಬ್‌ಲೈಟಿನ ಮಿಣುಕು, ಶರ್ಟಿನ ಕಾಲರಿನ ಲೇಬಲ್, ಹಸಿವು. ಅರ್ಧ ಸಮಸ್ಯೆ ಪಾಠದ್ದೇ ಅಲ್ಲ, ಅಡುಗೆಯ ಹೊತ್ತಿನದು ಎಂದು ಗೊತ್ತಾದ ಮನೆಗಳಿವೆ. ಅಂಥಲ್ಲಿ ಬೆಳಗ್ಗೆ ಏಳಕ್ಕೇ ಕುಕ್ಕರ್ ಮುಗಿಸಿಬಿಟ್ಟರೆ ಹನ್ನೆರಡರ ಗಲಾಟೆ ತಾನೇ ತಣ್ಣಗಾಗುತ್ತದೆ.

ನಡತೆ ಒಮ್ಮೆಲೇ ಬದಲಾದರೆ, ತಲೆ ಚಚ್ಚಿಕೊಳ್ಳಲು ಶುರು ಮಾಡಿದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ತೋರಿಸಿ. ಮಲಬದ್ಧತೆ ಈ ಮಕ್ಕಳಲ್ಲಿ ತುಂಬ ಸಾಮಾನ್ಯ. ನೋವು ಎಂದು ಹೇಳಲಾರದ ಮಗು ಅದನ್ನು ಮೈಯಲ್ಲೇ ತೋರಿಸುತ್ತದೆ. ಕೆಲ ಸೆಕೆಂಡು ದಿಟ್ಟಿಸಿ ನಿಂತು, ಕರೆದರೂ ಮುಟ್ಟಿದರೂ ಗೊತ್ತಾಗದಂತಿದ್ದರೆ ವಿಡಿಯೊ ಮಾಡಿ ನರರೋಗ ವೈದ್ಯರಿಗೆ ತೋರಿಸಿ. ಆಟಿಸಂ ಇರುವವರಲ್ಲಿ ಅಪಸ್ಮಾರ ಉಳಿದವರಿಗಿಂತ ಹೆಚ್ಚು.

ವನ್ ಬಿಎಚ್‌ಕೆಯಲ್ಲಿ ಜಾಗ

ಬೇರೆ ಕೋಣೆ ಬೇಕಿಲ್ಲ. ಗೋಡೆಗೆ ಮುಖ ಮಾಡಿದ ಒಂದು ಮೇಜು ಸಾಕು. ಕಿಟಕಿಗೆ ಬೆನ್ನು, ಬಾಗಿಲು ಕಣ್ಣಂಚಿನಲ್ಲಿ ಕಾಣುವಂತೆ. ಕಾಲು ನೆಲ ಮುಟ್ಟಬೇಕು, ಮುಟ್ಟದಿದ್ದರೆ ಹಳೇ ನ್ಯೂಸ್‌ಪೇಪರ್ ಕಟ್ಟನ್ನು ಬಿಗಿಯಾಗಿ ಟೇಪ್ ಸುತ್ತಿ ಕಾಲ ಕೆಳಗಿಡಿ. ಕಾಲು ಜೋತಾಡುತ್ತಿದ್ದರೆ ಕೈ ಸ್ಥಿರವಾಗದು, ಅಕ್ಷರ ಸೊಟ್ಟಗಾಗುತ್ತದೆ, ಬೈಗುಳ ಮಗುವಿಗೆ. ಮೇಜಿನ ಎದುರಿನ ಗೋಡೆಯಲ್ಲಿ ವರ್ಣಮಾಲೆ, ಕ್ಯಾಲೆಂಡರ್, ದೇವರ ಪಟ ಯಾವುದೂ ಬೇಡ.

ಇನ್ನೊಂದು ಮೂಲೆ ಬಿಡುವಿಗೆ: ಹಾಸಿಗೆ, ಭಾರದ ರಜಾಯಿ, ಕಿವಿಗೆ ಹಾಕುವ ಇಯರ್‌ಮಫ್. ಈ ಮೂಲೆಗೆ ಮಗುವನ್ನು ಶಿಕ್ಷೆಯೆಂದು ಎಂದೂ ಕಳಿಸಬೇಡಿ. ಒಮ್ಮೆ ಕಳಿಸಿದಿರೋ, ಮೂಲೆ ಕೆಟ್ಟಿತು.

ಮೈಗೆ ಕೆಲಸ ಕೊಡುವುದು ಓದಿಗಿಂತ ಮೊದಲು ಬರಬೇಕು. 2 ಲೀಟರ್ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಹಾಲ್‌ನಿಂದ ಅಡುಗೆಮನೆಗೆ ಐದು ಸಲ, ಗೋಡೆ ತಳ್ಳುವುದು ಹತ್ತು ಸಲ, ಚಪಾತಿ ಹಿಟ್ಟು ನಾದುವುದು ಐದು ನಿಮಿಷ. ಹೀಗೆ ಕೀಲು, ಸ್ನಾಯುಗಳಿಗೆ ಒತ್ತಡ ಸಿಕ್ಕ ಮೇಲೆ ಎಷ್ಟೋ ಮಕ್ಕಳು ಕೂರಬಲ್ಲರು. ಜೋಕಾಲಿ ಹಾಕುವುದಾದರೆ ಕೊಕ್ಕೆ ಕಾಂಕ್ರೀಟ್ ಸ್ಲ್ಯಾಬಿಗೇ ಕೂರಬೇಕು. ಜಿಪ್ಸಂ ಫಾಲ್ಸ್ ಸೀಲಿಂಗಿಗೆ ಹಾಕಿದ್ದು ಕಳಚಿ ಬೀಳುತ್ತದೆ. ಹಳೇ ಕಟ್ಟಡಗಳಲ್ಲಿ ತೂಗುಮಣೆಯ ಕೊಕ್ಕೆ ಇದ್ದರೂ ತುಕ್ಕು ನೋಡಿಸಿ, ದೊಡ್ಡವರು ಮೊದಲು ಕೂತು ತೂಗಿ.

ದಿನದ ಪಟ್ಟಿ

ಮಗುವಿಗೆ ಮುಂದೇನೆಂದು ತಿಳಿಯಲು ಗೋಡೆಯ ಮೇಲೆ ಚಿತ್ರದ ಪಟ್ಟಿ ಬೇಕು. ನಿಮ್ಮದೇ ಮನೆಯ ಬಕೆಟ್, ನಿಮ್ಮದೇ ತಟ್ಟೆ, ನಿಮ್ಮ ಬಿಲ್ಡಿಂಗಿನ ಗೇಟು: ಇವುಗಳ ಫೋಟೋ ತೆಗೆಯಿರಿ. ನೆಟ್‌ನಿಂದ ತೆಗೆದ ಕಾರ್ಟೂನ್ ಬಕೆಟ್ ನಮ್ಮನೆ ಬಕೆಟ್ಟೇ ಎಂದು ಎಷ್ಟೋ ಮಕ್ಕಳು ಕೂಡಿಸಿಕೊಳ್ಳುವುದಿಲ್ಲ. 6 ಸೆಂ.ಮೀ. ಚದರದ ಹನ್ನೆರಡು ಫೋಟೋ ಒಂದು ಎ4 ಹಾಳೆಯಲ್ಲಿ ಹಿಡಿಯುತ್ತವೆ. ಕತ್ತರಿಸಿದ ಮೇಲೆ ಲ್ಯಾಮಿನೇಟ್ ಮಾಡಿಸಿ, ಮತ್ತೆ ಕತ್ತರಿಸುವಾಗ ಸುತ್ತಲೂ 3 ಮಿ.ಮೀ. ಪ್ಲಾಸ್ಟಿಕ್ ಅಂಚು ಬಿಡಿ. ಫೋಟೋದ ಅಂಚಿಗೇ ಕತ್ತರಿಸಿದರೆ ಜುಲೈ ತೇವಕ್ಕೆ ಪದರ ಬಿಟ್ಟುಕೊಳ್ಳುತ್ತದೆ. ವೆಲ್ಕ್ರೋದ ಒರಟು ಬದಿ ಹಲಗೆಗೆ, ಮೆತ್ತನೆಯದು ಕಾರ್ಡಿಗೆ. ಕಾರ್ಡನ್ನು ಮಗು ಕೈಯಲ್ಲಿ ಹಿಡಿಯುತ್ತದೆ, ಒರಟು ಬದಿ ಕೆಲವರಿಗೆ ಮುಳ್ಳಿನಂತೆ ಚುಚ್ಚುತ್ತದೆ.

ಮೊದಲ ವಾರ ನಾಲ್ಕೇ ಕಾರ್ಡು. ಹಲ್ಲು, ತಿಂಡಿ, ಬುಟ್ಟಿ ಕೆಲಸ (ಅದೇನೆಂದು ಮುಂದೆ ಹೇಳಿದೆ), ಕೆಳಗೆ ಗಾರ್ಡನ್. ಮೇಲಿಂದ ಕೆಳಗೆ. ಒಂದು ಮುಗಿದಾಗ ಮಗುವೇ ಕಿತ್ತು ಕೆಳಗಿನ ಡಬ್ಬಿಗೆ ಹಾಕಬೇಕು. ಆ ಕಿತ್ತು ಹಾಕುವ ಸದ್ದಿನಲ್ಲೇ 'ಆಯ್ತು' ಎಂಬುದು ಅದಕ್ಕೆ ಅರ್ಥವಾಗುತ್ತದೆ. ಮೊದಲ ದಿನವೇ ಹದಿನಾಲ್ಕು ಕಾರ್ಡು ಹಚ್ಚಿದ ಹಲಗೆ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಎರಡನೇ ವಾರ ಒಂದು ಹೊಸ ಕಾರ್ಡು ಸೇರಿಸಿ: ಹಳದಿ ಬಣ್ಣ, ಮೇಲೆ ಪ್ರಶ್ನೆಚಿಹ್ನೆ. ಇದು 'ಬದಲು' ಕಾರ್ಡು. ಮೊದಲು ಇದನ್ನು ಒಳ್ಳೆಯ ಬದಲಾವಣೆಗೇ ಬಳಸಿ. ಬುಟ್ಟಿ ಕೆಲಸದ ಜಾಗದಲ್ಲಿ 'ಬದಲು' ಬಂತು, ಐಸ್‌ಕ್ರೀಮ್ ಸಿಕ್ಕಿತು. ಹೀಗೆ ಐದಾರು ಸಲ ಆದ ಮೇಲೆ 'ಗಾರ್ಡನ್ ಇಲ್ಲ, ಮಳೆ' ಎಂಬ ಬೇಡವಾದ ಬದಲಾವಣೆಗೂ ಅದೇ ಕಾರ್ಡು ಉಪಯೋಗಕ್ಕೆ ಬರುತ್ತದೆ. ಈ ಅಭ್ಯಾಸ ಮಾಡಿಸದೆ ನೇರ ಮಳೆಗಾಲಕ್ಕೆ ಕಾಲಿಟ್ಟ ಮನೆಗಳಲ್ಲಿ ಜೂನ್ ತಿಂಗಳು ಕಷ್ಟದ್ದು.

'ಬೇಡ' ಮತ್ತು 'ಸಾಕು' ಮೊದಲು

ಮಾತು ಬಾರದ, ಅಥವಾ ಒತ್ತಡದಲ್ಲಿ ಮಾತು ಕಟ್ಟಿಹೋಗುವ ಮಗುವಿಗೆ ಮೊದಲು ಕಲಿಸಬೇಕಾದ್ದು ಎ ಫಾರ್ ಆ್ಯಪಲ್ ಅಲ್ಲ. ಐದು ಕಾರ್ಡು: ಬೇಡ, ಸಾಕು, ಇನ್ನೂ ಬೇಕು, ಸಹಾಯ, ನೋವು. 'ಬೇಡ' ಎಂದು ಕಾರ್ಡು ತೋರಿಸಿದಾಗ ಮೊದಲ ಎರಡು ವಾರ ಆ ಕೆಲಸ ಅಲ್ಲಿಗೇ ನಿಲ್ಲಬೇಕು. ಹಾಗಾದರೆ ದಿನವಿಡೀ ಬೇಡವೇ ಬೇಡ ಎನ್ನುತ್ತಾನಲ್ಲ ಎಂದು ಭಯಪಡುತ್ತಾರೆ. ಮೊದಲ ಕೆಲ ದಿನ ಹಾಗೇ ಆಗುತ್ತದೆ. ತನ್ನ ಮಾತು ನಡೆಯುತ್ತದೆ ಎಂದು ಖಾತ್ರಿಯಾದ ಮೇಲೆ ಕಡಿಮೆಯಾಗುತ್ತದೆ, ಕಚ್ಚುವುದು ಹೊಡೆಯುವುದೂ ಜೊತೆಗೇ ಕಡಿಮೆಯಾಗುತ್ತದೆ. ಮೊದಲು ಕೈಯಿಂದ ಹೇಳುತ್ತಿದ್ದ ಮಾತನ್ನು ಈಗ ಕಾರ್ಡಿನಿಂದ ಹೇಳುತ್ತಿದೆ, ಅಷ್ಟೇ.

ಚಿತ್ರ ಒತ್ತಿದರೆ ಅದರ ಮಾತು ಹೇಳುವ ಆ್ಯಪ್ ಫೋನಿನಲ್ಲಿ ಬೇಕೆಂದರೆ ಐಐಟಿ ಬಾಂಬೆಯಲ್ಲಿ ತಯಾರಾದ ಜೆಲ್ಲೋ ಉಚಿತ, ಹಿಂದಿ ಮರಾಠಿಯಲ್ಲೂ ಇದೆ. ಚೆನ್ನೈಯವರ ಆವಾಜ್ ಇನ್ನೊಂದು. ಯಾವುದೇ ಇರಲಿ, ಮಗುವಿಗೆ ಕೊಟ್ಟು ಒತ್ತು ಒತ್ತು ಎನ್ನಬೇಡಿ. ನೀವು ಮಾತಾಡುವಾಗ ನೀವೇ ಒತ್ತುತ್ತಾ ಮಾತಾಡಿ. ತಿಂಗಳುಗಟ್ಟಲೆ. ಮಗು ನಮ್ಮ ಮಾತು ಕೇಳಿಯೇ ಮಾತು ಕಲಿಯುವ ಹಾಗೆ ಇದೂ. ಆ ಫೋನಿನಲ್ಲಿ ಯೂಟ್ಯೂಬ್ ಇರಬಾರದು. ತಪ್ಪು ಮಾಡಿದ ಎಂದು ಅದನ್ನು ಕಿತ್ತಿಟ್ಟುಕೊಳ್ಳಲೂಬಾರದು, ಅದು ಬಾಯಿ ಕಟ್ಟಿದ ಹಾಗೆ.

ಕೇಳಿದ್ದನ್ನೇ ಮರಳಿ ಹೇಳುವ ಮಕ್ಕಳ ವಿಷಯದಲ್ಲಿ ಒಂದು ಸಣ್ಣ ಬದಲಾವಣೆ ಬಹಳ ಕೆಲಸ ಮಾಡುತ್ತದೆ. ಅಮ್ಮ 'ನೀರು ಬೇಕಾ?' ಎಂದು ಕೇಳುತ್ತಾಳೆ. ಮಗುವಿಗೆ ಬಾಯಾರಿದಾಗಲೆಲ್ಲ 'ನೀರು ಬೇಕಾ' ಎನ್ನುತ್ತದೆ, ಏಕೆಂದರೆ ನೀರು ಬಂದಾಗಲೆಲ್ಲ ಕೇಳಿಸಿದ ಸದ್ದು ಅದೇ. ಪ್ರಶ್ನೆ ಬಿಡಿ. ಲೋಟ ಎತ್ತಿಕೊಡುವಾಗ ಮಗುವಿನ ಬಾಯಲ್ಲಿ ಬರಬೇಕಾದ ಮಾತನ್ನೇ ಹೇಳಿ: 'ನಂಗೆ ನೀರು ಬೇಕು.' ಅಜ್ಜಿ, ಅಪ್ಪ, ಮನೆಗೆಲಸದವರು ಎಲ್ಲರೂ ಇದೇ ರೂಪ ಹೇಳಬೇಕು. 'ನಾನು' ಎನ್ನಬೇಕಾದಲ್ಲಿ 'ನೀನು' ಎನ್ನುವ ಗೊಂದಲವೂ ಇದರಿಂದ ನಿಧಾನವಾಗಿ ತಿಳಿಯಾಗುತ್ತದೆ.

ಮನೆಯಲ್ಲಿ ಯಾವ ಭಾಷೆ

ಕನ್ನಡ ಬಿಡಿ, ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಮಾತ್ರ: ಈ ಸಲಹೆ ಮುಂಬಯಿಯ ಕನ್ನಡ ಮನೆಗಳಿಗೆ ಇನ್ನೂ ಸಿಗುತ್ತಿದೆ. ಒಪ್ಪಬೇಡಿ. ಎರಡು ಭಾಷೆ ಕೇಳಿಸಿಕೊಂಡ ಆಟಿಸಂ ಮಕ್ಕಳ ಮಾತು ಒಂದೇ ಭಾಷೆ ಕೇಳಿದವರಿಗಿಂತ ಹಿಂದೆ ಬೀಳುವುದಿಲ್ಲ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ತಾಯಿಗೆ ಸಲೀಸಾಗಿ ಬರದ ಇಂಗ್ಲಿಷಿನಲ್ಲಿ 'ಸಿಟ್, ಈಟ್, ನೋ' ಮೂರೇ ಪದ ಉಳಿಯುತ್ತವೆ. ಕನ್ನಡದಲ್ಲಾದರೆ ದಿನವಿಡೀ ಹರಟೆ ಇರುತ್ತದೆ, ಕುಂದಾಪುರದ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಹೇಳಿದ್ದೂ ತಿಳಿಯುತ್ತದೆ. ತುಳು, ಕೊಂಕಣಿ ಮನೆಮಾತಾಗಿರುವಲ್ಲೂ ಇದೇ ಮಾತು.

ಓದು ಬರಹಕ್ಕೆ ಮಾತ್ರ ಒಂದೇ ಲಿಪಿಯಿಂದ ಶುರು ಮಾಡಿ. ಯಾವುದು? ಮಗು ತಾನಾಗಿ ದಿಟ್ಟಿಸುವ ಲಿಪಿ. ಬಹಳ ಮಕ್ಕಳಿಗೆ ಅದು ಬೋರ್ಡುಗಳಲ್ಲಿ ಕಂಡ ದೇವನಾಗರಿ ಅಥವಾ ಇಂಗ್ಲಿಷ್. ಕನ್ನಡ ಮಾತಾಡುತ್ತಾ ದೇವನಾಗರಿ ಓದಿದರೆ ಏನೂ ನಷ್ಟವಿಲ್ಲ. ಕನ್ನಡ ಅಕ್ಷರ ಎರಡನೆಯದಾಗಿ ಬರಲಿ, ಆಗ 'ಮ' 'ವ', 'ಪ' 'ಷ' ಇವನ್ನು ಒಂದೇ ವಾರ ಕಲಿಸಬೇಡಿ, ನೋಡಲು ಒಂದೇ ಥರ ಇರುವುದರಿಂದ ಕಲಸಿಹೋಗುತ್ತವೆ. ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಕಾಯ್ದೆಯಿಂದ ಮರಾಠಿ ಕಡ್ಡಾಯ. ಆದರೆ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡುವುದನ್ನೂ ಹೇಳುತ್ತದೆ. ಮುಂದೆ ಶಾಲೆಗೆ ಮರಳುವುದಾದರೆ ಇದನ್ನು ಲಿಖಿತವಾಗಿ ಕೇಳಿ.

ಮೂರು ಬುಟ್ಟಿ

ಮೇಜಿನ ಎಡಕ್ಕೆ ಮೂರು ಪ್ಲಾಸ್ಟಿಕ್ ಬುಟ್ಟಿ, ಬಲಕ್ಕೆ 'ಆಯ್ತು' ಎಂದು ಬರೆದ ದೊಡ್ಡ ಡಬ್ಬಿ. ಒಂದೊಂದು ಬುಟ್ಟಿಯಲ್ಲಿ ಒಂದೊಂದು ಕೆಲಸ, ಬೇಕಾದ ಪೆನ್ಸಿಲ್ ಅಂಟು ಸಮೇತ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಬೆಳೆದ, ಆಟಿಸಂ ಇರುವವರಿಗೆ ಕಲಿಸುವ ಟೀಚ್ ಪದ್ಧತಿಯಿಂದ ಬಂದ ಏರ್ಪಾಡು ಇದು. ಏನು ಮಾಡಬೇಕು, ಎಷ್ಟು, ಯಾವಾಗ ಮುಗಿಯಿತು, ಮುಂದೇನು ಎಂಬ ನಾಲ್ಕು ಪ್ರಶ್ನೆಗೆ ಬಾಯಿಮಾತಿಲ್ಲದೆ ಉತ್ತರ ಸಿಗುತ್ತದೆ. ಮೊದಲ ಬುಟ್ಟಿ ಸಲೀಸಾಗಿ ಬರುವುದು, ನಡುವಿನದು ಹೊಸದು, ಕೊನೆಯದು ಮತ್ತೆ ಸುಲಭದ್ದು. ಮೂರೂ ಹೊಸದಾಗಿದ್ದರೆ ಎರಡನೇ ಬುಟ್ಟಿಗೇ ನೆಲಕ್ಕೆ. 'ಹತ್ತು ನಿಮಿಷ ಬರಿ' ಎಂಬುದು ಬುಟ್ಟಿ ಕೆಲಸವಲ್ಲ, ಅದಕ್ಕೆ ಕಾಣುವ ಕೊನೆಯಿಲ್ಲ. ಐದು ಕೂಡಿಸುವ ಲೆಕ್ಕ ಕತ್ತರಿಸಿದ ಚೀಟಿಗಳಲ್ಲಿದ್ದರೆ, ಐದು ಚೀಟಿ ಖಾಲಿಯಾದರೆ, ಮುಗಿಯಿತು.

ಶುರುವಿಗೆ ಒಂದು ಬುಟ್ಟಿಗೆ ಮೂರು ನಿಮಿಷ, ಮೂರು ಬುಟ್ಟಿಗೆ ಒಟ್ಟು ಸುಮಾರು ಹತ್ತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಇಷ್ಟೇನಾ ಎಂದು ಅತ್ತೆ ಮಾವ ಕೇಳಿಯೇ ಕೇಳುತ್ತಾರೆ. ಒಬ್ಬರಿಗೊಬ್ಬರು ಕೂತು ಕಲಿಯುವ ಹತ್ತು ನಿಮಿಷವನ್ನು ಐವತ್ತು ಮಕ್ಕಳ ತರಗತಿಯ ಪೀರಿಯಡ್ ಜೊತೆ ಹೋಲಿಸಬಾರದು. ಎರಡು ವಾರ ಸಮಾಧಾನವಾಗಿ ನಡೆದರೆ ಒಂದೆರಡು ನಿಮಿಷ ಸೇರಿಸಿ. ಎಂಟು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೇಜಿನ ಕೆಲಸ ಧಾರಾಳವಾಯಿತು.

ಮಗುವಿನ ಹುಚ್ಚು ಯಾವುದರ ಮೇಲಿದೆಯೋ ಅದನ್ನು ಬಹುಮಾನವಾಗಿ ಎತ್ತಿಡುವುದಕ್ಕಿಂತ ಅದನ್ನೇ ಪಾಠ ಮಾಡಿ. ಲೋಕಲ್ ಟ್ರೇನ್ ಹುಚ್ಚಿನ ಮಗುವನ್ನೇ ತೆಗೆದುಕೊಳ್ಳಿ. ವೆಸ್ಟರ್ನ್ ಲೈನಿನ ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್, ಗ್ರಾಂಟ್ ರೋಡ್, ಮುಂಬಯಿ ಸೆಂಟ್ರಲ್, ಮಹಾಲಕ್ಷ್ಮಿ, ಲೋವರ್ ಪರೇಲ್, ಪ್ರಭಾದೇವಿ, ದಾದರ್: ಒಂಬತ್ತು ಚೀಟಿ ಮಾಡಿ. ಒಂದನೇ ದಿನ ಸಾಲಾಗಿ ಜೋಡಿಸುವುದು. ಮುಂದಿನ ದಿನ ಒಂದು ಚೀಟಿ ಅಡಗಿಸಿ ಯಾವುದಿಲ್ಲ ಎಂದು ಹುಡುಕುವುದು, ಅದೇ ಓದು. ಆಮೇಲೆ ಸ್ಟೇಶನ್ ಒಂಬತ್ತು, ನಡುವಿನ ಅಂತರ ಎಂಟು ಎಂದು ಬೆಂಕಿಕಡ್ಡಿ ಇಟ್ಟು ಎಣಿಸುವುದು. ದೊಡ್ಡ ತರಗತಿಯ ಮಕ್ಕಳೂ ಎಡವುವ ಜಾಗ ಇದು. ನಂತರ ಗಡಿಯಾರ: 9:48ಕ್ಕೆ ಹೊರಟ ಟ್ರೇನ್ 10:11ಕ್ಕೆ ಮುಟ್ಟಿದರೆ ಎಷ್ಟು ನಿಮಿಷ? 9:48ರಿಂದ 10ಕ್ಕೆ 12, ಅಲ್ಲಿಂದ 11, ಒಟ್ಟು 23. ಕೊನೆಗೆ ಭಾನುವಾರ ಮಧ್ಯಾಹ್ನ, ಗರ್ದಿ ಇಲ್ಲದಾಗ, ಮಗುವೇ ಇಂಡಿಕೇಟರ್ ಓದಿ ಸ್ಲೋ ಯಾವುದು ಫಾಸ್ಟ್ ಯಾವುದು ಹೇಳಬೇಕು. ಪುಣೆಯಲ್ಲಾದರೆ ಪಿಎಂಪಿಎಂಎಲ್ ಬಸ್ಸಿನ ನಂಬರು, ಪಣಜಿಯಲ್ಲಾದರೆ ಬೇತಿಮ್ ಫೆರಿ.

ದುಡ್ಡು ಕಲಿಸುವಾಗ ಯುಪಿಐ ಅಡ್ಡ ಬರುತ್ತದೆ, ಮಗುವಿಗೆ ನೋಟು ಕಾಣುವುದೇ ಇಲ್ಲ. ಒಂದು ಪರ್ಸಿನಲ್ಲಿ ಹತ್ತರ ನೋಟು ಐದು ಇಟ್ಟು, ಕೆಳಗಿನ ಕಿರಾಣಿಯವರಿಗೆ ಮೊದಲೇ ಹೇಳಿ, ವಾರಕ್ಕೆ ಮೂರು ಸಲ ಒಂದೇ ವಸ್ತು ತರಿಸಿ. ಬರವಣಿಗೆ ನೋವಿನ ಕೆಲಸವಾದರೆ ಟೈಪಿಂಗಿಗೆ ಹೋಗಿ, ತಡಮಾಡಬೇಡಿ. ವಿಷಯ ಗೊತ್ತಿದ್ದೂ ಕೈ ನಡೆಯದ ಕಾರಣಕ್ಕೆ ದಡ್ಡ ಎನಿಸಿಕೊಂಡ ಮಕ್ಕಳು ಎಷ್ಟೋ.

ಮೆಲ್ಟ್‌ಡೌನ್ ಆದಾಗ

ಸದ್ದು, ಒತ್ತಡ ತಡೆಯಲಾರದಷ್ಟಾಗಿ ಮಗು ತನ್ನ ಹಿಡಿತ ತಪ್ಪುವುದೇ ಮೆಲ್ಟ್‌ಡೌನ್. ಇದು ಹಟವಲ್ಲ. ಹಟ ಮಾಡುವ ಮಗು ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ, ಮೆಲ್ಟ್‌ಡೌನ್ ಏನು ಕೊಟ್ಟರೂ ನಿಲ್ಲದು. ಮಾತು ನಿಲ್ಲಿಸಿ. 'ಯಾಕೋ, ಏನಾಯ್ತೋ, ನೋಡಿಲ್ಲಿ' ಎಂಬ ಒಂದೊಂದು ಪ್ರಶ್ನೆಯೂ ಉರಿಗೆ ತುಪ್ಪ. ಫ್ಯಾನು ಬಿಟ್ಟು ಉಳಿದ ಸದ್ದು ಆರಿಸಿ, ಲೈಟ್ ಆರಿಸಿ, ಉಳಿದವರನ್ನು ಬೇರೆ ಕೋಣೆಗೆ ಕಳಿಸಿ. ತಲೆ ಚಚ್ಚಿಕೊಳ್ಳುತ್ತಿದ್ದರೆ ನಡುವೆ ದಿಂಬು ಹಿಡಿಯಿರಿ, ಕೈ ಹಿಡಿದು ಬಿಗಿಯಬೇಡಿ. ಎರಡು ಮೀಟರ್ ದೂರ ನೆಲದ ಮೇಲೆ ಕೂತು ಕಾಯಿರಿ. ಇಪ್ಪತ್ತು ನಿಮಿಷ ಹಿಡಿಯಬಹುದು, ಒಂದು ಗಂಟೆಯೂ. ಮುಗಿದ ಮೇಲೆ ನೀರು, ಹಾಸಿಗೆ. ಅಂದು ಬುಟ್ಟಿ ಇಲ್ಲ. ಬಿಟ್ಟ ಪಾಠ ಪೂರೈಸಲು ಕೂರಿಸಿದರೆ ಎರಡನೇ ಮೆಲ್ಟ್‌ಡೌನ್ ಮೊದಲಿನದಕ್ಕಿಂತ ಜೋರು.

ಅಕ್ಕಪಕ್ಕದವರಿಗೂ ಸೊಸೈಟಿ ಸೆಕ್ರೆಟರಿಗೂ ಒಳ್ಳೆಯ ದಿನವೇ ಹೋಗಿ ಹೇಳಿಡಿ. ಮನೆಯಿಂದ ಹೊರಗೆ ಓಡುವ ಮಗುವಾದರೆ ಬಾಗಿಲಿಗೆ ಮೇಲೊಂದು ಚಿಲಕ, ಕೈಗೆ ಫೋನ್ ನಂಬರಿನ ಬಳೆ, ವಾಚ್‌ಮನ್‌ಗೆ ಮಗುವಿನ ಪರಿಚಯ. ಕಾಣೆಯಾದರೆ ನೀರಿರುವ ಜಾಗ ಮೊದಲು ಹುಡುಕಿ: ಟ್ಯಾಂಕು, ಸ್ವಿಮ್ಮಿಂಗ್ ಪೂಲ್, ಗೋವಾದಲ್ಲಿ ಬಾವಿ, ಸಮುದ್ರ. ಕೂಡಲೇ 112ಕ್ಕೂ 1098ಕ್ಕೂ ಕರೆ ಮಾಡಿ.

ಗಣಪತಿಯ ಹತ್ತು ದಿನ, ಅದರಲ್ಲೂ ಪುಣೆಯ ಢೋಲ್ ತಾಶಾ, ಬೇರೆಯೇ ಲೆಕ್ಕ. ಅಭ್ಯಾಸದ ಸದ್ದು ಹಬ್ಬಕ್ಕೆ ವಾರಗಳ ಮೊದಲೇ ಶುರುವಾಗುತ್ತದೆ. ಆ ದಿನಗಳಿಗೆ ಹೊಸ ಪಾಠ ಬೇಡ, ಇಯರ್‌ಮಫ್ ಕೈಗೆ ಸಿಗುವಲ್ಲಿರಲಿ, ವಿಸರ್ಜನೆಯ ದಿನ ಮೆರವಣಿಗೆ ದಾರಿಯಿಂದ ದೂರದ ನೆಂಟರ ಮನೆಗೆ ಹೋಗುವುದನ್ನು ತಿಂಗಳ ಮೊದಲೇ ಗೊತ್ತು ಮಾಡಿ, ಫೋಟೋ ತೋರಿಸಿ.

ಹೊರಗಿನ ನೆರವು

ಎಲ್ಲವನ್ನೂ ಅಮ್ಮ ಒಬ್ಬಳೇ ಹೊತ್ತರೆ ಆರು ತಿಂಗಳಲ್ಲಿ ಅವಳೇ ಮಲಗುತ್ತಾಳೆ. ವಾರದಲ್ಲಿ ಒಂದು ಇಡೀ ದಿನ ಅಪ್ಪನದು, ಅಡುಗೆ ಸಮೇತ. ಸ್ಪೆಷಲ್ ಎಜುಕೇಟರ್ ನೇಮಿಸುವಾಗ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯ ಸಿಆರ್‌ಆರ್ ನಂಬರ್ ಕೇಳಿ. ಬಾಗಿಲು ಹಾಕಿಕೊಂಡು, ಪೋಷಕರನ್ನು ಒಳಗೆ ಬಿಡದೆ ಥೆರಪಿ ಮಾಡುತ್ತೇವೆ ಎನ್ನುವವರ ಬಳಿ ಬಿಡಬೇಡಿ. ಮುಂಬಯಿಯಲ್ಲಿ ಉಮ್ಮೀದ್, ಪುಣೆಯಲ್ಲಿ ಪ್ರಸನ್ನ ಆಟಿಸಂ ಸೆಂಟರ್, ಗೋವಾದಲ್ಲಿ ಸೇತು ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಗಳು. ಮುಂಬಯಿಯ ಫೋರಂ ಫಾರ್ ಆ್ಯಟಿಸಂ ಪೋಷಕರದೇ ಗುಂಪು. ಸ್ಟೆಮ್ ಸೆಲ್, ಕಿಲೇಶನ್ (ಔಷಧಿಯಿಂದ ಮೈಯೊಳಗಿನ ಲೋಹ ತೆಗೆಯುವುದು) ಎಂದು ಲಕ್ಷಗಟ್ಟಲೆ ಕೇಳುವವರು ಇದೇ ಹೊತ್ತಿಗೆ ಫೋನ್ ಮಾಡುತ್ತಾರೆ. ಆಟಿಸಂಗೆ ಅವು ಕೆಲಸ ಮಾಡುತ್ತವೆ ಎಂಬುದಕ್ಕೆ ಪುರಾವೆ ಇಲ್ಲ, ಕಿಲೇಶನ್‌ನಿಂದ ಜೀವಕ್ಕೇ ಅಪಾಯವಿದೆ.

ಹದಿನಾಲ್ಕರ ಹೊತ್ತಿಗೆ

ಶಾಲೆಗೆ ಹೋಗದೆ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಓಎಸ್‌. ಅದರ ಹತ್ತನೇ ತರಗತಿಗೆ ಸಮನಾದ ಸೆಕೆಂಡರಿ ಕೋರ್ಸಿಗೆ ಕನಿಷ್ಠ 14 ವರ್ಷ ತುಂಬಿರಬೇಕು. ಅದಕ್ಕೂ ಚಿಕ್ಕವರಿಗೆ ಅದರ ಮುಕ್ತ ಮೂಲ ಶಿಕ್ಷಣದಲ್ಲಿ 3, 5, 8ನೇ ತರಗತಿಗೆ ಸಮನಾದ ಮೂರು ಹಂತಗಳಿವೆ. ಪುಣೆಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಸೆಕೆಂಡರಿಗೆ ಐದು ವಿಷಯ ಸಾಕು, ಒಂದು ಭಾಷೆ ಇರಲೇಬೇಕು, ಅದು ಕನ್ನಡವೂ ಆಗಬಹುದು. ಗಣಿತ ಕಡ್ಡಾಯವಲ್ಲ. ಪೇಂಟಿಂಗ್, ಗೃಹವಿಜ್ಞಾನ, ಡೇಟಾ ಎಂಟ್ರಿ ಇವೆ. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ, ಪರೀಕ್ಷೆ ಏಪ್ರಿಲ್ ಮೇ ಮತ್ತು ಅಕ್ಟೋಬರ್ ನವೆಂಬರಿನಲ್ಲಿ. ಪಾಸಾಗಲು ಶೇ. 33. ಐದನ್ನೂ ಒಟ್ಟಿಗೆ ಬರೆಸುವ ಆತುರ ಬೇಡ, ಒಮ್ಮೆಗೆ ಒಂದು, ಹೆಚ್ಚೆಂದರೆ ಎರಡು. ಮೊದಲನೆಯದು ಮಗುವಿಗೆ ಅತಿ ಇಷ್ಟದ ವಿಷಯವಾಗಿರಲಿ. ಟಿಎಂಎ ಎಂಬ ಅಸೈನ್‌ಮೆಂಟಿಗೆ ಶೇ. 20 ಅಂಕ ಇದೆ, ಅದನ್ನು ಕಳೆದುಕೊಳ್ಳುವವರು ಬಹಳ.

ಬರೆಯುವವರ ನೆರವು, ಹೆಚ್ಚಿನ ಸಮಯ ಬೇಕಿದ್ದರೆ ಅರ್ಜಿ ತುಂಬುವಾಗಲೇ ಯುಡಿಐಡಿ ಸಮೇತ ಕೇಳಬೇಕು, ಹಾಲ್ ಟಿಕೆಟ್ ಬಂದ ಮೇಲಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷದಂತೆ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು. ಬರೆಯುವವರ ಜೊತೆ ಮನೆಯಲ್ಲಿ ಕನಿಷ್ಠ ಆರು ಸಲ ಅಭ್ಯಾಸ ಮಾಡಿಸಿ. ಹೇಳಿ ಬರೆಸುವುದು ಬೇರೆಯೇ ವಿದ್ಯೆ. ಸೆಂಟರ್ ಗೊತ್ತಾದ ದಿನವೇ ಹೋಗಿ ಗೇಟು, ಮೆಟ್ಟಿಲು, ಕೋಣೆ, ಟಾಯ್ಲೆಟ್ ಫೋಟೋ ತೆಗೆಯಿರಿ. ಪರೀಕ್ಷೆಗೆ ಹತ್ತು ದಿನ ಮುಂಚೆ ಅವು ಕಾರ್ಡುಗಳಾಗಿ ಮನೆಯ ಪಟ್ಟಿಗೆ ಬರಲಿ, ಹಲ್ಲು, ತಿಂಡಿಯ ಕೆಳಗೆ, ಕೊನೆಯಲ್ಲಿ ಮನೆಯ ಬಾಗಿಲಿನ ಫೋಟೋ.